ಫ್ಲಾರಿಡಾದ ಮಯಾಮಿ ಪಕ್ಕದ ಕೀ ಬಿಸ್ಕೇನ್ ದ್ವೀಪದಲ್ಲಿ ಹಳೇ ಮನೆ ಕೊಂಡು ನಿಧಾನಕ್ಕೆ ಸರಿಮಾಡಿಸಿಕೊಳ್ಳಬಹುದೇ? ತೆರಿಗೆ ಹೊರೆಯಾಗುತ್ತದೆಯೇ?

ತೆರಿಗೆ ವಿಷಯ ಆಮೇಲೆ. "ಹಳೇ ಮನೆ ತಗೊಂಡು ವರ್ಷಕ್ಕಿಷ್ಟು ಅಂತ ಸರಿಮಾಡಿಸೋಣ" ಅಂದಿದ್ದೀರಲ್ಲ, ನಾವೂ ಅದೇ ಲೆಕ್ಕ ಹಾಕಿಕೊಂಡು ಬಂದವರು.

ನಮ್ಮದು 1950ರ ದಶಕದ ಮ್ಯಾಕಲ್ ಮನೆ, ಅಂದರೆ ಮ್ಯಾಕಲ್ ಸಹೋದರರ ಕಂಪನಿ ಇಲ್ಲಿ ಸಾಲಾಗಿ ಕಟ್ಟಿದ ಮನೆಗಳಲ್ಲೊಂದು. ಕಾಂಕ್ರೀಟ್ ಬ್ಲಾಕ್ ಗೋಡೆ, ತಗ್ಗು ಸೂರು, ಹೊಸ್ತಿಲು ದಾಟಿದರೆ ಹುಲ್ಲು. ಪಕ್ಕದಲ್ಲಿ ಹೊಸದಾಗಿ ಎದ್ದ ಮನೆಯ ನೆಲ ನಮ್ಮ ಕಿಟಕಿಯ ಮಟ್ಟಕ್ಕಿದೆ. ಅಷ್ಟೆತ್ತರ ಯಾಕೆ ಕಟ್ಟಿದ್ದಾರೆ ಅಂತ ಕೊಳ್ಳುವ ಮೊದಲು ನಾವು ಯಾರನ್ನೂ ಕೇಳಲಿಲ್ಲ. ಆದ ತಪ್ಪು ಅದೊಂದೇ.

ಪ್ರವಾಹ ವಲಯದಲ್ಲಿ ಅರ್ಧದ ನಿಯಮ ಅಂತ ಒಂದಿದೆ. ರಿಪೇರಿ ಖರ್ಚು ಕಟ್ಟಡದ ಬೆಲೆಯ 50% ಮುಟ್ಟಿದರೆ ಇಡೀ ಮನೆಯನ್ನು ಈಗಿನ ನಿಯಮ ಹೇಳುವ ಪ್ರವಾಹ ಮಟ್ಟಕ್ಕೆ ಮೇಲೆತ್ತಬೇಕು. ಬ್ಲಾಕ್ ಗೋಡೆಯ ಮನೆಗೆ ಅಂದರೆ ಹೆಚ್ಚುಕಡಿಮೆ ಕೆಡವಿ ಕಟ್ಟಿದ ಹಾಗೆಯೇ. ಗಮನಿಸಿ, ಕಟ್ಟಡದ ಬೆಲೆ ಮಾತ್ರ, ಜಾಗದ್ದಲ್ಲ. ನೀವು 20 ಲಕ್ಷ ಡಾಲರ್ ಕೊಟ್ಟಿರಿ ಅನ್ನಿ. ಅದರಲ್ಲಿ ಜಾಗಕ್ಕೇ 18 ಲಕ್ಷ ಹೋದರೆ ಸವೆದ ಕಟ್ಟಡಕ್ಕೆ ಉಳಿಯೋದು 2 ಲಕ್ಷ. ಒಂದು ಲಕ್ಷದೊಳಗೆ ಚಾವಣಿ, ಅಡುಗೆಮನೆ, ಚಂಡಮಾರುತ ತಡೆಯುವ ಕಿಟಕಿ, ಎಲ್ಲಾ ಮುಗಿಯಬೇಕು. ಮುಗಿಯೋದಿಲ್ಲ. ಟೈಲ್ಸ್ ನಾನೇ ಹಾಕ್ತೀನಿ, ಕೂಲಿ ಉಳಿಯುತ್ತೆ ಅಂದುಕೊಂಡಿದ್ದೆ. ಅದಕ್ಕೂ ಮಾರುಕಟ್ಟೆಯ ಕೂಲಿ ಹಿಡಿದೇ ಲೆಕ್ಕ ಹಾಕುತ್ತಾರೆ. ಅಡುಗೆಮನೆ ಆಯಿತು, ಕಿಟಕಿ ಹಾಗೇ ಉಳಿಯಿತು.

ಚಂಡಮಾರುತದ ಹಾನಿಗೂ ಇದೇ ಅಳತೆ. 1992ರ ಆಂಡ್ರೂ ಚಂಡಮಾರುತ ಬಡಿದುಹೋದ ದ್ವೀಪ ಇದು. ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ಬರೋದಿಲ್ಲ. ಸರ್ಕಾರಿ ಪ್ರವಾಹ ವಿಮೆ ಕಟ್ಟಡಕ್ಕೆ ಕೊಡೋದು ಹೆಚ್ಚೆಂದರೆ 2.5 ಲಕ್ಷ ಡಾಲರ್. ಸಾಲದ ಜೊತೆ ಮಾಡಿಸದೆ ಆಮೇಲೆ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು.

ಇನ್ನು ತೆರಿಗೆ. ಇದೇ ನಿಮ್ಮ ಖಾಯಂ ಮನೆಯಾದರೆ, ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ 3%ಗಿಂತ ಹೆಚ್ಚು ಏರದಂತೆ ಫ್ಲಾರಿಡಾದಲ್ಲಿ ಮಿತಿ ಇದೆ. ನಿಮ್ಮನ್ನು ಮುಳುಗಿಸೋದು ತೆರಿಗೆಯಲ್ಲ.

ಊರು ಮಾತ್ರ ನನಗೆ ತುಂಬಾ ಇಷ್ಟ. ಮಕ್ಕಳು ಸೈಕಲ್ಲಲ್ಲೇ ಸ್ನೇಹಿತರ ಮನೆಗೆ ಹೋಗುತ್ತಾರೆ, ದೊಡ್ಡವರು ಗಾಲ್ಫ್ ಕಾರ್ಟಲ್ಲಿ ದಿನಸಿ ತರುತ್ತಾರೆ. ಹೊರಗೆ ಹೋಗಲು ಮಯಾಮಿಗೆ ನೀರು ದಾಟಿಸುವ ರಿಕನ್‌ಬ್ಯಾಕರ್ ಕಾಸ್‌ವೇ ರಸ್ತೆ ಒಂದೇ ದಾರಿ. ಅಲ್ಲೇನಾದರೂ ಅಪಘಾತವಾದರೆ ಆಫೀಸಿನ ಆಸೆ ಬಿಡಿ.

ಹಾಗಾಗಿ ಹಳೇ ಮನೆಯನ್ನು ಇದ್ದ ಹಾಗೇ ಬಾಳಿಸೋದಾದರೆ ಕೊಳ್ಳಿ, ಇಲ್ಲಾ ಕೆಡವಿ ಕಟ್ಟುವಷ್ಟು ದುಡ್ಡಿಟ್ಟುಕೊಂಡು ಕೊಳ್ಳಿ. ನಡುವಿನ ದಾರಿ ಇಲ್ಲಿಲ್ಲ. ಮಾರುವವರ ಹತ್ತಿರ ಎಲಿವೇಶನ್ ಸರ್ಟಿಫಿಕೇಟ್ (ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಅಂತ ಅಳೆದು ಕೊಟ್ಟ ಪತ್ರ) ಕೇಳಿ. ಪ್ರವಾಹದ ವಿಮೆ ಕ್ಲೇಮ್ ಮಾಡಿದ್ದರೆ ಅವರು ಲಿಖಿತವಾಗಿ ತಿಳಿಸಲೇಬೇಕು ಅಂತ 2024ರ ಅಕ್ಟೋಬರ್‌ನಿಂದ ಕಾನೂನಿದೆ, ಅದನ್ನೂ ಕೇಳಿ ಪಡೆಯಿರಿ. ಆತುರ ಇಲ್ಲದಿದ್ದರೆ ಜೂನ್‌ನಿಂದ ನವೆಂಬರ್‌ವರೆಗಿನ ಒಂದು ಚಂಡಮಾರುತದ ಕಾಲ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಮಾತಾಡೋಣ.