ಹುಷಾರಾದ ಮೇಲೆ ಖಿನ್ನತೆಯ ಮಾತ್ರೆಯನ್ನು ಬಿಟ್ಟುಬಿಡಬಹುದೇ?

ಎರಡು ತಿಂಗಳು ಮಾತ್ರೆ ತೆಗೆದುಕೊಂಡು ಈಗ ಹುಷಾರಾಗಿದ್ದೇನೆ, ಇನ್ನು ಅದನ್ನು ಬಿಟ್ಟು ಮನೋಬಲದಿಂದಲೇ ಮುಂದುವರಿಯಬಹುದೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ಯಾರನ್ನೂ ಕೇಳದೆ, ಉತ್ತರವನ್ನೂ ನಾನೇ ಹೇಳಿಕೊಂಡೆ.

ಆಗ ನನಗೆ ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗಿ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು. ಸ್ನಾನಕ್ಕೆ ಏಳುವುದೂ ಬೆಟ್ಟ ಹತ್ತಿದಂತಾಗುತ್ತಿತ್ತು. ವೈದ್ಯರು ಎಸಿಟಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟರು. ಅವರು ಮೊದಲೇ ಎಚ್ಚರಿಸಿದ್ದಂತೆ ಮೊದಲ ವಾರ ಆತಂಕ ಹೆಚ್ಚೇ ಆಯಿತು. ನಾಲ್ಕನೆಯ ವಾರಕ್ಕೆ ನಿದ್ರೆ ಬಂತು, ಎಂಟನೆಯ ವಾರಕ್ಕೆ ನಗುವೂ ಬಂತು. ಆ ಖುಷಿಯಲ್ಲಿ ಒಂದು ಸೋಮವಾರ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಟ್ಟೆ.

ನನಗೆ ದುಬಾರಿಯಾದ ತಪ್ಪು ಇದೊಂದೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೂರನೆಯ ದಿನ ತಲೆ ಸುತ್ತತೊಡಗಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ವಿದ್ಯುತ್ ಹರಿದಂತೆ ಜುಮ್ಮೆನ್ನುತ್ತಿತ್ತು. ಸಣ್ಣ ಮಾತಿಗೂ ಅಳು ಬರುತ್ತಿತ್ತು. ಇದು ಔಷಧ ಹಠಾತ್ತಾಗಿ ನಿಂತಾಗ ದೇಹ ತೋರಿಸುವ ಪ್ರತಿಕ್ರಿಯೆ. ನಾನಾದರೋ ಇದನ್ನು ಚಟ ಎಂದು ತಿಳಿದು, ಬಿಟ್ಟದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಎರಡು ವಾರದಲ್ಲಿ ಅವೆಲ್ಲ ಅಡಗಿದಾಗ ಗೆದ್ದೆನೆಂದೇ ನಂಬಿದೆ. ಆದರೆ ಕಾಯಿಲೆ ಮರಳುವ ಬಗೆಯೇ ಬೇರೆ: ಅದು ದಿನಗಳಲ್ಲಲ್ಲ, ಹಲವು ವಾರ, ತಿಂಗಳುಗಳಾದ ಮೇಲೆ ಹಳೆಯ ಲಕ್ಷಣಗಳನ್ನೇ ಹೊತ್ತು ಮೆಲ್ಲಗೆ ಬರುತ್ತದೆ. ಏಳನೆಯ ವಾರ ಮತ್ತೆ ಮೂರೂವರೆಗೆ ಎಚ್ಚರವಾಯಿತು. ಹೇಳದೆ ಬಿಟ್ಟವನು ಯಾವ ಮುಖ ಹೊತ್ತು ವೈದ್ಯರ ಬಳಿ ಹೋಗಲಿ ಎಂಬ ನಾಚಿಕೆಯಲ್ಲಿ ನಾಲ್ಕು ತಿಂಗಳು ಕಳೆದೆ. ಆ ನಾಲ್ಕು ತಿಂಗಳಲ್ಲಿ ಕೆಲಸವೂ ಹೋಯಿತು.

ಚೆನ್ನಾಗಿದ್ದೇನೆ ಎನಿಸಿದ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಪೂರ್ತಿ ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಔಷಧ ಮುಂದುವರಿಸಿ, ಅನಂತರ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಹಿಂದೆಯೂ ಬಂದಿದ್ದ ಕಾಯಿಲೆಯಾದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ಇನ್ನು ಮನೋಬಲದ ಮಾತು. ಮಾತ್ರೆ ಒಂದು ಕಡೆ, ಮನೋಬಲ ಇನ್ನೊಂದು ಕಡೆ ಎಂದು ನೀವು ಎಳೆದಿರುವ ಗೆರೆಯನ್ನು ನಾನು ಒಪ್ಪುವುದಿಲ್ಲ. ಎರಡನೆಯ ಬಾರಿ ಮಾತ್ರೆಯ ಜೊತೆಗೆ ಆಪ್ತಸಮಾಲೋಚನೆಗೂ ಹೋದೆ. ಮನಸ್ಸು ಬರಲೆಂದು ಕಾಯದೆ, ಗೊತ್ತುಮಾಡಿದ ಹೊತ್ತಿಗೆ ಹತ್ತು ನಿಮಿಷ ನಡೆಯಬೇಕೆಂದು ಅಲ್ಲಿ ಕಲಿತೆ. ಹುರುಪು ಹುಟ್ಟಿದ್ದು ನಡೆಯತೊಡಗಿದ ಮೇಲೆಯೇ. ನಡೆಯಲು ಎದ್ದು ನಿಲ್ಲುವಷ್ಟು ತ್ರಾಣವನ್ನು ಮಾತ್ರೆ ಕೊಟ್ಟಿತ್ತು. ಒಂದು ವರ್ಷದ ಬಳಿಕ ವೈದ್ಯರೇ ನಾಲ್ಕು ತಿಂಗಳಲ್ಲಿ ಹಂತಹಂತವಾಗಿ ಅದನ್ನು ನಿಲ್ಲಿಸಿದರು.

ಅಡ್ಡಪರಿಣಾಮಗಳಿಗೆ ಬೇಸತ್ತು ಬಿಡಬೇಕೆನಿಸಿದ್ದರೆ ಅದನ್ನೇ ವೈದ್ಯರಿಗೆ ಹೇಳಿ, ಬದಲಿ ಔಷಧಗಳಿವೆ. ಸಾಯುವ ಯೋಚನೆ ಬಂದರಂತೂ ಮುಂದಿನ ಭೇಟಿಗೆ ಕಾಯದೆ ಅಂದೇ ಹತ್ತಿರದವರಿಗೆ ತಿಳಿಸಿ, ಅವರ ಜೊತೆ ಆಸ್ಪತ್ರೆಗೆ ಹೋಗಿ. ಇವತ್ತಿನ ಮಾತ್ರೆಯನ್ನು ದಯವಿಟ್ಟು ತೆಗೆದುಕೊಳ್ಳಿ. ಮುಂದಿನ ಭೇಟಿಯಲ್ಲಿ, ಯಾವಾಗಿನಿಂದ ಎಷ್ಟೆಷ್ಟು ಇಳಿಸೋಣ ಎಂದು ನೀವಾಗಿಯೇ ಕೇಳಿ.