ಓದುಗರ ಪ್ರಶ್ನೆ: ಕಸ್ತೂರಬಾ ಮಾಡಿದ್ದು ಏನು?

ಈ ಸಲದ ಟಪಾಲಿನಲ್ಲಿ ಕಸ್ತೂರಬಾ ಬಗ್ಗೆನೇ ನಾಲ್ಕು ಪ್ರಶ್ನೆ ಬಂದಿವೆ, ಹಾಗಾಗಿ ಬೇರೆಯವನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತಗೋತಿದೀನಿ.

ಪ್ರಶ್ನೆ: ಕಸ್ತೂರಬಾ ಗಾಂಧೀಜಿಗಿಂತ ದೊಡ್ಡವರಂತೆ, ಹೌದಾ? (ಚಿಂತಾಮಣಿ)

ಹೌದು, ಆದ್ರೆ ಕೆಲವೇ ತಿಂಗಳು. ಬಾ, ಅಂದ್ರೆ ಕಸ್ತೂರಬಾ, ಹುಟ್ಟಿದ್ದು 1869ರ ಏಪ್ರಿಲ್, ಗಾಂಧೀಜಿ ಅದೇ ವರ್ಷ ಅಕ್ಟೋಬರ್. ಇಬ್ಬರೂ ಪೋರಬಂದರಿನವರೇ, ಮದುವೆ ಆದಾಗ ಇಬ್ಬರಿಗೂ ಹದಿಮೂರರ ಆಸುಪಾಸು.

ಪ್ರಶ್ನೆ: ಗಾಂಧೀಜಿ ಹೆಂಡ್ತಿ ಒಡವೆಗಳನ್ನ ದಾನ ಕೊಟ್ಬಿಟ್ರು ಅಂತ ಭಾಷಣದಲ್ಲಿ ಕೇಳಿದೆ. ಬಾ ಖುಷಿಯಿಂದ ಕೊಟ್ರಾ? (ಶಿರಸಿ)

ಖುಷಿಯಿಂದ? ಇಲ್ಲಪ್ಪ. ಇದನ್ನ ಗಾಂಧೀಜಿನೇ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ದೆ ಬರ್ಕೊಂಡಿದಾರೆ. 1901ರಲ್ಲಿ ಸಂಸಾರ ಸಮೇತ ದಕ್ಷಿಣ ಆಫ್ರಿಕಾ ಬಿಟ್ಟು ಹೊರಟಾಗ ಅಲ್ಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರ ಅಂತ ರಾಶಿ ಉಡುಗೊರೆ ಕೊಟ್ರು, ಅದರಲ್ಲಿ ಬಾ ಹೆಸರಿಗೆ ಅಂತಲೇ ಐವತ್ತು ಗಿನಿ ಬೆಲೆಯ ಒಂದು ಚಿನ್ನದ ಹಾರ. ಗಾಂಧೀಜಿಗೆ ರಾತ್ರಿ ನಿದ್ದೆ ಬರ್ಲಿಲ್ಲ. ಎಲ್ಲವನ್ನೂ ಸಮುದಾಯದ ಟ್ರಸ್ಟ್‌ಗೆ ಕೊಡೋದು, ಅಲ್ಲಿನ ವ್ಯಾಪಾರಿ ಪಾರ್ಸಿ ರುಸ್ತುಮ್‌ಜಿ ಮತ್ತೆ ಇನ್ನೂ ಕೆಲವರು ಟ್ರಸ್ಟಿಗಳು ಅಂತ ಕರಡು ಬರೆದೇಬಿಟ್ರು. ಹೆಂಡ್ತಿ ಒಪ್ಪಲ್ಲ ಅಂತ ಗೊತ್ತಿತ್ತು ನೋಡಿ, ಅದಕ್ಕೆ ಮೊದಲು ಮಕ್ಕಳನ್ನ ಒಪ್ಪಿಸಿಕೊಂಡ್ರು. ವಕೀಲರ ಬುದ್ಧಿ!

ಬಾ ಸುಮ್ನೆ ಇರ್ಲಿಲ್ಲ. ನಿಮಗೆ ಬೇಡ, ನೀವು ಕುಣಿಸಿದ ಹಾಗೆ ಕುಣಿಯೋ ಮಕ್ಕಳಿಗೂ ಬೇಡ, ನಾಳೆ ಬರೋ ಸೊಸೆಯಂದಿರ ಗತಿ ಏನು ಅಂತ ಕೇಳಿದ್ರು. ಅದು ನನ್ನ ಸೇವೆಗೆ ಸಿಕ್ಕಿದ್ದೋ ನಿನ್ನ ಸೇವೆಗೋ ಅಂತ ಗಂಡ ಅಂದಾಗ ಬಾ ಕೊಟ್ಟ ಉತ್ತರ ಇದೆಯಲ್ಲ, ನಿಮ್ಮ ಸೇವೆ ಅಂದ್ರೆ ನನ್ನ ಸೇವೆನೂ ಹೌದು, ಹಗಲೂ ರಾತ್ರಿ ನಿಮಗೋಸ್ಕರ ದುಡಿದಿದ್ದು ಸೇವೆ ಅಲ್ವಾ, ಕಂಡಕಂಡವರನ್ನೆಲ್ಲ ಮನೇಲಿ ಇಟ್ಕೊಂಡು ನನ್ನ ಕೈಲಿ ಚಾಕರಿ ಮಾಡಿಸಿದ್ರಲ್ಲ ಅಂತ. ಈ ಮಾತಿಗೆ ಗಾಂಧೀಜಿ ಹತ್ರ ಉತ್ತರ ಇರ್ಲಿಲ್ಲ, ಕೆಲವು ಮಾತು ನಾಟಿದ್ವು ಅಂತ ಅವರೇ ಒಪ್ಕೋತಾರೆ, ಆದ್ರೂ ಒಡವೆ ಬ್ಯಾಂಕಿಗೇ ಹೋಯ್ತು. ಟ್ರಸ್ಟಿಂದ ಅಲ್ಲಿನ ಜನಕ್ಕೆ ಉಪಯೋಗ ಆಯ್ತು, ಅದು ಒಳ್ಳೇದೇ. ಆದ್ರೆ ಆ ವಾದದಲ್ಲಿ ನಾನು ಬಾ ಪಕ್ಷ. ಗೌರವಕ್ಕೆ ಸಿಕ್ಕಿದ್ದನ್ನ ಬಿಡೋ ಹಕ್ಕು ಅದನ್ನ ಪಡೆದವರದ್ದು ಅಲ್ವಾ? ಆಮೇಲೆ ಬಾಗೂ ಅದು ಸರಿ ಅನ್ನಿಸ್ತು ಅಂತ ಗಾಂಧೀಜಿ ಬರೀತಾರೆ. ಆದ್ರೂ ಅವರು ಬಿಡಲಿಲ್ಲ ನೋಡಿ, 1929ರಲ್ಲಿ ಯಾರೋ ಕೈಗಿಟ್ಟ ನಾಲ್ಕು ರೂಪಾಯಿನ ಬಾ ಆಶ್ರಮದ ಲೆಕ್ಕಕ್ಕೆ ಕಟ್ಟಿರಲಿಲ್ಲ ಅಂತ ಗಾಂಧೀಜಿ ಪತ್ರಿಕೇಲಿ ಹಾಕಿ ಊರಿಗೆಲ್ಲ ಸಾರಿದ್ರು. ನಾಲ್ಕು ರೂಪಾಯಿ! ಸತ್ಯ ದೊಡ್ಡದು ಸರಿ, ಹೆಂಡ್ತಿ ಮಾನನೂ ಸಣ್ಣದಲ್ಲ.

ಪ್ರಶ್ನೆ: ಗಂಡನ ಹಿಂದೆ ಹೋಗೋದು ಬಿಟ್ಟು ಬಾ ಸ್ವಂತವಾಗಿ ಏನು ಮಾಡಿದ್ರು? ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲ. (ರಾಯಬಾಗದ ಒಬ್ಬ ಟೀಚರ್)

ಮೇಡಂ, ನೀವು ಬೆಳಗಾವಿ ಜಿಲ್ಲೆಯವರು, ಹಾಗಾಗಿ ಚಂಪಾರಣ್ಯದಿಂದಲೇ ಶುರು ಮಾಡ್ತೀನಿ. 1917ರಲ್ಲಿ ಬಿಹಾರದ ನೀಲಿ ಬೆಳೆಗಾರರ ಕಷ್ಟ ವಿಚಾರಿಸೋಕೆ ಹೋದ ಗಾಂಧೀಜಿಗೆ, ಹಳ್ಳಿಲಿ ಶಾಲೆ, ಶುಚಿತ್ವ ಇಲ್ದೆ ಬರೀ ಕೇಸು ಗೆದ್ದು ಉಪಯೋಗ ಇಲ್ಲ ಅನ್ನಿಸ್ತು. ಪಾಠ ಹೇಳೋಕೆ ಜನ ಬೇಕು ಅಂದಾಗ ನಿಮ್ಮ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಅವರು ಬಾಬಾಸಾಹೇಬ ಸೋಮಣ್ ಮತ್ತೆ ಪುಂಡಲೀಕ ಅವರನ್ನ ಕಳಿಸಿದ್ರು. ಭಿತಿಹರ್ವಾ ಅನ್ನೋ ಊರಿನ ಶಾಲೆ ಸೋಮಣ್ ಮತ್ತೆ ಕಸ್ತೂರಬಾ ಇಬ್ಬರ ಜವಾಬ್ದಾರಿ ಆಯ್ತು. ಬಿದಿರು ಹುಲ್ಲಿನ ಆ ಗುಡಿಸಲಿಗೆ ಒಂದು ರಾತ್ರಿ ಯಾರೋ ಬೆಂಕಿ ಇಟ್ರು, ನೀಲಿ ತೋಟದವರ ಕಡೆಯವರೇ ಇರ್ಬಹುದು ಅಂತ ಅನುಮಾನ. ಮತ್ತೆ ಗುಡಿಸಲು ಹಾಕ್ಲಿಲ್ಲ, ಗಟ್ಟಿ ಕಟ್ಟಡವನ್ನೇ ಎಬ್ಬಿಸಿದ್ರು, ಊರಿನವರೂ ಕೈ ಜೋಡಿಸಿದ್ರು.

ಬಾ ಶಾಲೆ ಕಲಿತವರಲ್ಲ, ಗುಜರಾತಿನೇ ಅಷ್ಟಕ್ಕಷ್ಟೆ ಓದೋರು, ಅವರಿಗೆ ಪಾಠ ಹೇಳೋ ಕೆಲ್ಸ ಅಲ್ಲ, ಅವರ ಕೆಲ್ಸ ಇದ್ದದ್ದು ಮನೆಗಳ ಒಳಗೆ, ಗಂಡಸರು ಕಾಲಿಡೋಕಾಗದ ಜಾಗದಲ್ಲಿ. ಹೆಂಗಸರ ಸೀರೆ ತುಂಬಾ ಕೊಳೆ, ಒಗೆಯೋಕೆ ಯಾಕೆ ಹೇಳಬಾರದು ಅಂತ ಗಾಂಧೀಜಿ ಅಂದ್ರು, ಬಾ ಹೋಗಿ ಕೇಳಿದ್ರು, ಆಗ ಒಬ್ಬ ಹೆಂಗಸು ಗುಡಿಸಲ ಒಳಗೆ ಕರ್ಕೊಂಡು ಹೋಗಿ, ನೋಡಿ, ಪೆಟ್ಟಿಗೆ ಇಲ್ಲ ಬೀರು ಇಲ್ಲ, ಉಟ್ಟಿರೋದು ಒಂದೇ ಸೀರೆ, ಇದನ್ನ ಒಗೆದ್ರೆ ಏನು ಉಡ್ಲಿ, ಇನ್ನೊಂದು ಕೊಡಿಸಿ ದಿನಾ ಸ್ನಾನ ಮಾಡ್ತೀನಿ ಅಂದ್ಲು. ಈ ಪ್ರಸಂಗ ಎಲ್ಲರೂ ಹೇಳ್ತಾರೆ, ಆ ಗುಡಿಸಲ ಒಳಗೆ ನಿಂತು ಅದನ್ನ ನೋಡ್ಕೊಂಡು ಬಂದಿದ್ದು ಬಾ ಅನ್ನೋದು ಮಾತ್ರ ಮರೆತು ಹೋಗುತ್ತೆ.

ಅದಕ್ಕೂ ಮುಂಚೆ 1913. ಕ್ರೈಸ್ತ ಪದ್ಧತಿಯಲ್ಲಿ ಆಗದ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ದಕ್ಷಿಣ ಆಫ್ರಿಕಾದ ಕೋರ್ಟ್ ತೀರ್ಪು ಕೊಡ್ತು. ಅಂದ್ರೆ ಅಲ್ಲಿನ ಹಿಂದೂ, ಮುಸ್ಲಿಂ, ಪಾರ್ಸಿ ಹೆಂಗಸರು ಯಾರೂ ಹೆಂಡ್ತಿಯರೇ ಅಲ್ಲ ಅಂದಂಗಾಯ್ತು. ಬಾ ಅಲ್ಲಿನ ಗಾಂಧೀಜಿಯ ಫೀನಿಕ್ಸ್ ಆಶ್ರಮದಿಂದ ಹೊರಟ ಮೊದಲ ತಂಡದಲ್ಲೇ ಹೋಗಿ, ಪರ್ಮಿಟ್ ಇಲ್ದೆ ಟ್ರಾನ್ಸ್‌ವಾಲ್ ಪ್ರಾಂತ್ಯದ ಗಡಿ ದಾಟಿ, ಮೂರು ತಿಂಗಳ ಕಠಿಣ ಸಜೆ ಅನುಭವಿಸಿದ್ರು. ಹೊರಗೆ ಬಂದಾಗ ಮೂಳೆ ಚಕ್ಕಳ. 1939ರಲ್ಲಿ ರಾಜಕೋಟೆ ಸತ್ಯಾಗ್ರಹಕ್ಕೂ ಹೋದ್ರು, ಆಗ ವಯಸ್ಸು ಎಪ್ಪತ್ತರ ಹತ್ರ. 1942ರ ಆಗಸ್ಟ್ 9ಕ್ಕೆ ಗಾಂಧೀಜಿ ಅರೆಸ್ಟ್ ಆದ್ರು, ಸಂಜೆ ಮುಂಬೈಯ ಶಿವಾಜಿ ಪಾರ್ಕ್ ಸಭೇಲಿ ನಾನೇ ಮಾತಾಡ್ತೀನಿ ಅಂತ ಬಾ ಹೊರಟ್ರು, ಅವರನ್ನೂ ಹಿಡಿದ್ರು. ಕೊನೆಗೆ ಸೆರೆಯಲ್ಲೇ, ಪುಣೆಯ ಆಗಾಖಾನ್ ಅರಮನೇಲಿ, 1944ರ ಫೆಬ್ರವರಿ 22, ಶಿವರಾತ್ರಿ ದಿನ ತೀರಿಕೊಂಡ್ರು. ಇಷ್ಟೆಲ್ಲ ಇದ್ದೂ ಪಠ್ಯದಲ್ಲಿ ಒಂದು ಸಾಲು ಇಲ್ಲ ಅಂದ್ರೆ ತಪ್ಪು ಪುಸ್ತಕದ್ದು, ನೀವೇ ಹೇಳ್ಕೊಡಿ ಮೇಡಂ.

ಪ್ರಶ್ನೆ: ಬಾ ಹೆಸರಲ್ಲಿ ಕೋಟಿಗಟ್ಟಲೆ ಚಂದಾ ಎತ್ತಿದ್ರಂತೆ, ಆ ದುಡ್ಡು ಎಲ್ಲಿ ಹೋಯ್ತು? ಮಣಿಪಾಲದ ಕೆಎಂಸಿ (ಕಸ್ತೂರಬಾ ಮೆಡಿಕಲ್ ಕಾಲೇಜು) ಅದೇ ದುಡ್ಡಿಂದಾನಾ? (ತಿಪಟೂರು)

ಮಣಿಪಾಲದ್ದು ಬೇರೆ ಕಥೆ, 1953ರಲ್ಲಿ ಟಿ.ಎಂ.ಎ. ಪೈ ಅವರು ಶುರು ಮಾಡಿದ ಕಾಲೇಜು, ಬಾ ಹೆಸರು ಇಟ್ರು ಅಷ್ಟೆ. ಚಂದಾ ಅಂದ್ರೆ ನೀವು ಹೇಳ್ತಿರೋದು ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್. ಬಾ ತೀರಿಕೊಂಡ ವರ್ಷವೇ ಗಾಂಧೀಜಿಗೆ ಎಪ್ಪತ್ತೈದು ತುಂಬೋದಿತ್ತು, ಅದಕ್ಕೆ ಎಪ್ಪತ್ತೈದು ಲಕ್ಷ ಅಂತ ಗುರಿ ಇಟ್ರು, ಸೇರಿದ್ದು ಒಂದು ಕೋಟಿ ದಾಟ್ತು. ಯುದ್ಧದ ಕಾಲ, ಕಾಂಗ್ರೆಸ್ ನಾಯಕರೆಲ್ಲ ಇನ್ನೂ ಜೈಲಲ್ಲಿ, ಅಂಥದ್ರಲ್ಲಿ ಇಷ್ಟು! ಅದನ್ನ ಹಳ್ಳಿ ಹೆಂಗಸರು, ಮಕ್ಕಳಿಗೇ ಖರ್ಚು ಮಾಡ್ಬೇಕು ಅಂತ ಗಾಂಧೀಜಿ ಪಟ್ಟು ಹಿಡಿದ್ರು. ಗಾಂಧೀಜಿಯ ಜೊತೆಗಾರ ಠಕ್ಕರ್ ಬಾಪಾ ಕಾರ್ಯದರ್ಶಿ ಆಗಿ ನಡೆಸಿದ್ರು. ಹಳ್ಳಿ ಹುಡುಗಿಯರಿಗೆ ಗ್ರಾಮಸೇವಿಕೆ ತರಬೇತಿ, ಹೆರಿಗೆ ಮಾಡಿಸೋ ದಾಯಿಯರ ತರಬೇತಿ, ಬಾಲವಾಡಿ, ಇವೇ ಮುಖ್ಯ ಕೆಲ್ಸ. ಕೇಂದ್ರ ಕಚೇರಿ ಇಂದೋರ್ ಹತ್ರದ ಕಸ್ತೂರಬಾಗ್ರಾಮ. ನಮ್ಮ ರಾಜ್ಯದ ಶಾಖೆ ನೀವಿರೋ ತಿಪಟೂರಿಂದ ರೈಲಲ್ಲಿ ಸ್ವಲ್ಪ ಹೊತ್ತಷ್ಟೆ, ಅರಸೀಕೆರೇಲಿ. ಯಶೋಧರಾ ದಾಸಪ್ಪ ಅದಕ್ಕೆ ದುಡಿದವರು, ಪಾನನಿಷೇಧ ಎತ್ತಿದ್ದಕ್ಕೆ ಮಂತ್ರಿ ಪದವಿ ಬಿಟ್ಟು ಬಂದ್ರಲ್ಲ, ಅವರೇ. ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಅಲ್ಲಿ ಕಂಡಿದ್ದನ್ನ ಈ ಅಂಕಣಕ್ಕೆ ಬರೆದು ಕಳಿಸಿ.