ಮೂವತ್ತನೇ ಪುಟದಲ್ಲಿ ನಿಂತ ಚಿತ್ರಕಥೆಗೆ ಮೂರನೇ ಪುಸ್ತಕ ಬೇಡ

ತೀರ್ಥಹಳ್ಳಿಯಿಂದ ಬರೆದವರ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತೆ, ಸಾವಕಾಶವಾಗಿ ಓದಿ. ನೀವು ಕೇಳಿದ್ದು ಇಷ್ಟು: ಚಿತ್ರಕಥೆ ಬರೆಯುವ ಬಗ್ಗೆ ಸಿಡ್ ಫೀಲ್ಡ್ ಮತ್ತು ಬ್ಲೇಕ್ ಸ್ನೈಡರ್ ಅವರ ಇಂಗ್ಲಿಷ್ ಕೈಪಿಡಿಗಳನ್ನು ಓದಿದ್ದೀರಿ. ಅಡಿಕೆ ತೋಟದ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಮುರಿದುಕೊಳ್ಳುವ ಕತೆ ಶುರು ಮಾಡಿದ್ದೀರಿ. ಮೂವತ್ತು ಪುಟ ಆದಮೇಲೆ ಪೆನ್ನು ಓಡ್ತಿಲ್ಲ. ಇನ್ನು ಯಾವ ಪುಸ್ತಕ ಕೊಳ್ಳಲಿ ಅಂತ ಪ್ರಶ್ನೆ.

ಸದ್ಯಕ್ಕೆ ಯಾವುದೂ ಬೇಡ. ಇರುವ ಎರಡರಲ್ಲೂ ಒಂದನ್ನು ಕಪಾಟಿಗೆ ಸೇರಿಸಿ. ಬರೆದಿಟ್ಟ ಕರಡು ಎಲ್ಲಿ ಕುಂಟುತ್ತಿದೆ ಅಂತ ಹುಡುಕಲು ಈ ಪುಸ್ತಕಗಳು ತುಂಬಾ ಚೆನ್ನಾಗಿ ಒದಗುತ್ತವೆ. ಎದುರಿಗಿಟ್ಟುಕೊಂಡು ಅದರ ಅಳತೆಗೇ ಕತೆ ಕಟ್ಟಲು ಹೊರಟರೆ ಮೂವತ್ತನೇ ಪುಟದ ಹೊತ್ತಿಗೆ ಪಾತ್ರಗಳ ಉಸಿರು ನಿಲ್ಲುತ್ತೆ.

ಮೊದಲು ಪುಟದ ಲೆಕ್ಕ ಸರಿಮಾಡಿಕೊಳ್ಳೋಣ. ಫೀಲ್ಡ್ ಅವರ ಪುಸ್ತಕ ಬಂದದ್ದು 1979ರಲ್ಲಿ. ಅದರ ಪ್ರಕಾರ ಚಿತ್ರಕಥೆ ಅಂದರೆ 120 ಪುಟ, ಪುಟಕ್ಕೊಂದು ನಿಮಿಷ, ಮೊದಲ ತಿರುವು 25ರ ಆಸುಪಾಸು, ಎರಡನೆಯದು 85ರಿಂದ 90ರೊಳಗೆ. ಸ್ನೈಡರ್ 2005ರಲ್ಲಿ 110 ಪುಟಕ್ಕೆ ಹದಿನೈದು ಘಟ್ಟ ಹಂಚಿಕೊಟ್ಟರು: 12ರಲ್ಲಿ ಕಿಡಿ, 25ರಲ್ಲಿ ಕತೆ ಹೊಸ ದಾರಿ ಹಿಡಿಯುವುದು, 55ರಲ್ಲಿ ನಡುಘಟ್ಟ, 75ರಲ್ಲಿ ಎಲ್ಲ ಕೈತಪ್ಪುವುದು. ಇವೆಲ್ಲ ಇಂಗ್ಲಿಷಿನಲ್ಲಿ, 12 ಪಾಯಿಂಟಿನ ಕೊರಿಯರ್ ಅಕ್ಷರದಲ್ಲಿ, ಎಡಕ್ಕೆ ಒಂದೂವರೆ ಇಂಚು ಅಂಚು ಬಿಟ್ಟು ಟೈಪ್ ಮಾಡಿದ ಹಾಳೆಯ ಲೆಕ್ಕ. ಕೊರಿಯರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ, ಅದಕ್ಕೇ ಪುಟಕ್ಕೂ ನಿಮಿಷಕ್ಕೂ ಹೆಚ್ಚುಕಡಿಮೆ ತಾಳೆಯಾಗುತ್ತೆ. ಕನ್ನಡದಲ್ಲಿ ಪದಗಳು ಉದ್ದ, ಒತ್ತಕ್ಷರಕ್ಕೆ ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಹಾಗಾಗಿ ನಿಮ್ಮ ಮೂವತ್ತು ಪುಟ ಮೂವತ್ತು ನಿಮಿಷವೇ ಅಂತ ನಂಬಬೇಡಿ, ಅಳೆಯಿರಿ. ಐದು ದೃಶ್ಯ ಆರಿಸಿಕೊಳ್ಳಿ: ಮಾತು ತುಂಬಿದ್ದು ಎರಡು, ಮಾತೇ ಇಲ್ಲದ್ದು ಎರಡು, ಎರಡೂ ಬೆರೆತದ್ದು ಒಂದು. ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಮಾತನ್ನು ಗಟ್ಟಿಯಾಗಿ ಆಡಿ, ಕ್ರಿಯೆಯನ್ನು ಎದ್ದು ಮಾಡಿ. ಕಾಲು ತೊಳೆದು, ಜಗಲಿ ಹತ್ತಿ, ಅಂಗಿ ಕಳಚಿ ಗೂಟಕ್ಕೆ ಹಾಕುವುದು ಕಾಗದದ ಮೇಲೆ ಒಂದೇ ಸಾಲು. ತೆರೆಯ ಮೇಲೆ ಅದು ಅರ್ಧ ನಿಮಿಷ ತಿನ್ನುತ್ತೆ. ಒಟ್ಟು ನಿಮಿಷವನ್ನು ಒಟ್ಟು ಪುಟದಿಂದ ಭಾಗಿಸಿ. ಪುಟಕ್ಕೆ ಒಂದೂಕಾಲು ನಿಮಿಷ ಬಂತು ಅಂದರೆ ಇಪ್ಪತ್ತೈದನೇ ನಿಮಿಷದ ತಿರುವು ನಿಮ್ಮ 20ನೇ ಪುಟದಲ್ಲೇ ಬರಬೇಕಿತ್ತು.

ಇನ್ನು ಇಂಟರ್ವಲ್. ಆ ಪುಸ್ತಕಗಳ ಅಳತೆ ನಡುವೆ ದೀಪ ಹತ್ತದ ಚಿತ್ರಮಂದಿರದ್ದು, ನಮ್ಮಲ್ಲಿ ಹತ್ತುತ್ತೆ. ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರವಾದರೆ 70ನೇ ನಿಮಿಷದ ಸುತ್ತಮುತ್ತ. ಪುಸ್ತಕದ ನಡುಘಟ್ಟವನ್ನೇ ಅಲ್ಲಿಗೆ ತಂದು ಕೂರಿಸಿ. ಕೆಡುವುದು ಎಲ್ಲಿ ಅಂದರೆ, ಒಂದು ಹೊಡೆದಾಟವನ್ನೋ ಅಪಘಾತವನ್ನೋ ತಂದು ಇಂಟರ್ವಲ್ ಅಂತ ಹಾಕುತ್ತಾರೆ, ಕಾಫಿ ಕುಡಿದು ಬಂದು ಕೂತರೆ ನಾಯಕ ಮೊದಲು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿರುತ್ತಾನೆ. ಇಂಟರ್ವಲ್ ಆದಮೇಲೆ ಅವನ ಕೆಲಸವೇ ಬೇರೆಯಾಗಬೇಕು. ನಿಮ್ಮ ಕತೆಯಲ್ಲೇ ನೋಡಿ: ಮೊದಲರ್ಧ ತಮ್ಮ ಪಾಲಿಗೆ ಹೋರಾಡಲಿ, ಇಂಟರ್ವಲ್‌ಗೆ ಪಾಲು ಸಿಕ್ಕಿಬಿಡಲಿ. ಆದರೆ ತೋಟಕ್ಕೆ ಗುಡ್ಡದಿಂದ ಹರಿದುಬರುವ ಅಬ್ಬಿ ನೀರಿನ ಮೂಲ ಅಣ್ಣನ ಪಾಲಿಗೆ ಹೋಗಿರಲಿ. ಆಮೇಲಿನದು ನೀರಿನ ಕತೆ.

ಈಗ ನಿಜವಾದ ತೊಡಕಿಗೆ ಬರೋಣ. ನೀವು ಹಾಕಿರುವ ಸಾರಾಂಶದ ಪ್ರಕಾರ ಅಪ್ಪ ತೀರಿಕೊಳ್ತಾರೆ, ತೋಟಕ್ಕೆ ಕೊಳೆರೋಗ ಬಿದ್ದು ಕಾಯಿ ಉದುರುತ್ತೆ, ಅಣ್ಣ ಲೆಕ್ಕ ತೋರಿಸಲ್ಲ. ಎಲ್ಲವೂ ತಮ್ಮನಿಗೆ ಆಗುತ್ತಾ ಹೋಗುತ್ತೆ, ತಮ್ಮ ತಾನಾಗಿ ಮಾಡಿದ್ದು ಒಂದೂ ಇಲ್ಲ. ಗಾಡಿ ನಿಂತಿರುವುದು ಇಲ್ಲೇ. ತಿರುವು ಅಂದರೆ ದೊಡ್ಡ ಘಟನೆ ಅಂತ ಪುಸ್ತಕ ಓದಿದ ಅನೇಕರು ತಿಳಿಯುತ್ತಾರೆ. ಘಟನೆ ಸಾಲದು, ಅದಕ್ಕೆ ಉತ್ತರವಾಗಿ ನಾಯಕ ಹಿಂದೆಗೆದುಕೊಳ್ಳಲಾಗದ ಒಂದು ನಿರ್ಧಾರ ಮಾಡಬೇಕು. ಪಾಲಿನ ದಾವೆ ಹಾಕಬಹುದು. ಅದಕ್ಕಿಂತ, ಅಣ್ಣನ ಖಾತೆಗೆ ಹೋಗಬೇಕಾದ ಅಡಿಕೆಯನ್ನು ರಾತ್ರೋರಾತ್ರಿ ಶಿವಮೊಗ್ಗದ ಮಂಡಿಗೆ ಒಯ್ದು ತನ್ನ ಹೆಸರಿನಲ್ಲಿ ಹಾಕಿಬಂದರೆ ಇನ್ನೂ ಗಟ್ಟಿ, ಯಾಕಂದರೆ ಆಗ ತಪ್ಪು ಅವನ ಕಡೆಗೂ ಬರುತ್ತೆ. ಅಣ್ಣನಿಗೂ ಒಂದು ನ್ಯಾಯ ಕೊಡಿ: ಅಪ್ಪನ ಆಸ್ಪತ್ರೆ ಖರ್ಚಿಗೆ ತೆಗೆದ ಸೊಸೈಟಿ ಸಾಲವನ್ನು ಅವನೊಬ್ಬನೇ ಕಟ್ಟುತ್ತಿರಲಿ, ತಮ್ಮನಿಗೆ ಅದು ಗೊತ್ತಿಲ್ಲದಿರಲಿ. ಇಷ್ಟಾದಮೇಲೆ ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ತಮ್ಮನ ಐದು ಪ್ರಯತ್ನ ಬರೆಯಿರಿ, ಕಾಗದಕ್ಕೊಂದು: ಏನು ಬೇಕು, ಯಾರು ಅಡ್ಡ, ಏನು ಕಳೆದುಕೊಂಡ. ಪ್ರತಿ ಸೋಲೂ ಹಿಂದಿನದಕ್ಕಿಂತ ದುಬಾರಿಯಾಗಬೇಕು. ಎರಡು ಕಾಗದ ಅದಲುಬದಲು ಮಾಡಿದರೂ ಕತೆ ಹಾಗೇ ನಡೆಯುತ್ತೆ ಅಂದರೆ ಅವುಗಳಲ್ಲಿ ಒಂದು ಅನಗತ್ಯ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಲು ನಿಮ್ಮ ತಾಲ್ಲೂಕಿನಲ್ಲೇ ಹುಟ್ಟಿದ ಇಬ್ಬರ ಕೆಲಸ ಸಾಕು. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಓದಿ, ಆಮೇಲೆ ಗಿರೀಶ ಕಾಸರವಳ್ಳಿಯವರು ಅದನ್ನೇ ಮಾಡಿದ ಚಿತ್ರ ನೋಡಿ. ತಬರನಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಒಂದು ವಸ್ತು, ಪಿಂಚಣಿ ಹಣ. ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಏರುತ್ತಿರುತ್ತೆ. ಗಡಿಯಾರ ಓಡಿಸಿ, ಅಂದರೆ ಹೊತ್ತು ಮೀರುತ್ತಿದೆ ಅನ್ನುವ ಆತಂಕ ಇಡಿ, ಅಂತ ಕೈಪಿಡಿಗಳು ಹೇಳುವುದನ್ನು ಆ ಗಾಯ ಮಾಡುತ್ತೆ, ಬಾಂಬು ಬೇಕಿಲ್ಲ. ಚಿತ್ರ ಎರಡನೇ ಸಲ ನೋಡುವಾಗ ನಿಲ್ಲಿಸಿ ನಿಲ್ಲಿಸಿ ನಾಲ್ಕು ಕಾಲಂ ತುಂಬಿ: ದೃಶ್ಯ ಶುರುವಾದ ಸಮಯ, ಯಾರಿಗೆ ಏನು ಬೇಕು, ಕೊನೆಗೆ ಏನು ಬದಲಾಯಿತು, ಮೂಲ ಕತೆಯಲ್ಲಿ ಇದು ಇತ್ತೇ. ನಾಲ್ಕನೇ ಕಾಲಮ್ಮಿನಲ್ಲಿ 'ಇಲ್ಲ' ಬಂದ ಕಡೆಯೆಲ್ಲ ಚಿತ್ರಕಥೆಯ ಕೆಲಸ ನಡೆದಿದೆ. ಆ ಸಾಲುಗಳ ಮೇಲೆ ಹೆಚ್ಚು ಹೊತ್ತು ಕೂರಿ.

ದೃಶ್ಯ ಬರೆಯುವಾಗ ಒಂದು ದೋಷ ನಿಮ್ಮಲ್ಲಿ ಪದೇಪದೇ ಬಂದಿದೆ. 'ತಮ್ಮನಿಗೆ ಅಣ್ಣನ ಮೇಲೆ ಅನುಮಾನ ಬಂದು ಮನಸ್ಸು ಕಹಿಯಾಗುತ್ತದೆ.' ಇದನ್ನು ಕ್ಯಾಮೆರಾ ಹಿಡಿಯಲಾರದು. ಹೀಗೆ ಬರೆದು ನೋಡಿ:

ಹೊರಾಂಗಣ. ಅಂಗಳದ ಚಪ್ಪರ. ಸಂಜೆ. ಡಿಸೆಂಬರ್.
ತಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾನೆ. ಅವನ ಹಿಂದೆ ಒಣಗಿದ ಅಡಿಕೆಯ ಚೀಲಗಳು ಒಂದೊಂದಾಗಿ ಪಿಕಪ್ಪಿಗೆ ಏರುತ್ತಿವೆ. ಒಂದು ಚೀಲ ದಾಟಿದಾಗಲೆಲ್ಲ ತಮ್ಮ ಒಂದು ಅಡಿಕೆಯನ್ನು ಮೊಣಕಾಲ ಪಕ್ಕ ಇಡುತ್ತಾನೆ. ಗಾಡಿ ಹೊರಡುತ್ತದೆ. ಒಳಗಿನಿಂದ ಅಮ್ಮನ ದನಿ: 'ಎಷ್ಟ್ ಚೀಲ ಆತು?' ಅಣ್ಣ: 'ಹನ್ನೆರಡು.' ತಮ್ಮ ಸಾಲನ್ನು ನೋಡುತ್ತಾನೆ. ಹದಿನಾಲ್ಕು. ಅಂಗೈಯಲ್ಲಿ ಗುಡಿಸಿ ಬುಟ್ಟಿಗೆ ಹಾಕಿ, ಮತ್ತೆ ಸುಲಿಯುತ್ತಾನೆ.

ಅನುಮಾನ ಅನ್ನುವ ಪದ ಎಲ್ಲೂ ಬಂದಿಲ್ಲ. ದೃಶ್ಯ ಶುರುವಾದಾಗ ಶಂಕೆ ಇತ್ತು, ಮುಗಿದಾಗ ಖಾತ್ರಿಯಾಗಿದೆ, ಮತ್ತು ಅವನು ಸುಮ್ಮನಿರಲು ತೀರ್ಮಾನಿಸಿದ್ದಾನೆ. ಮುಂದಿನ ದೃಶ್ಯಕ್ಕೆ ಅದೇ ದಾರಿ. ಅಮ್ಮ 'ಆತು' ಅನ್ನುವುದನ್ನೂ ಗಮನಿಸಿ. ಮಾತನ್ನು ಮನೆಯಲ್ಲಿ ಆಡುವ ಹಾಗೇ ಬರೆಯಿರಿ, ಗ್ರಂಥಸ್ಥ ಕನ್ನಡ ವಿವರಣೆಗೆ ಮಾತ್ರ ಇರಲಿ.

ಆ ದೃಶ್ಯದ ಶೀರ್ಷಿಕೆಯಲ್ಲಿ ಡಿಸೆಂಬರ್ ಅಂತ ತಿಂಗಳು ಬರೆದದ್ದಕ್ಕೆ ಕಾರಣವಿದೆ. ಕೊಳೆ ಬೀಳುವುದು ಮಳೆಗಾಲದಲ್ಲಿ, ಸುಲಿಯುವುದು ಕೊಯ್ಲಿನಲ್ಲಿ. ಎರಡನ್ನೂ ಇದ್ದ ಹಾಗೆ ತೋರಿಸಬೇಕೆಂದರೆ ಚಿತ್ರತಂಡ ಎರಡು ಸಲ ಊರಿಗೆ ಬರಬೇಕು. ಮೇಲಾಗಿ ಹಿಂದಿನಿಂದ ಬೆಳಕು ಬೀಳದಿದ್ದರೆ ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣಲ್ಲ, ತಗಡಿನ ಮಾಡಿನ ಸದ್ದು ಮಾತನ್ನು ನುಂಗುತ್ತೆ. ಕೊಳೆಯನ್ನು ಮಳೆ ಬಿಟ್ಟ ಬೆಳಿಗ್ಗೆ ಮರದಡಿ ಉದುರಿದ ಹಸಿ ಕಾಯಿ ಹೆಕ್ಕುವ ದೃಶ್ಯವಾಗಿ ಬರೆದರೆ ಅರ್ಧ ಕಷ್ಟ ಇಳಿಯುತ್ತೆ.

ಕಂಪ್ಯೂಟರಿನ ವಿಷಯ ಎರಡೇ ಮಾತು. ಹಳೇ ನುಡಿ ಫಾಂಟಿನಲ್ಲಿ ಬರೆದ ಕಡತ, ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೋಜಲು ಅಕ್ಷರ ಕಾಣುತ್ತೆ, ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಸಾದಾ ಪಠ್ಯದಲ್ಲೇ ಚಿತ್ರಕಥೆ ಬರೆಯುವ ಫೌಂಟನ್ ವಿಧಾನದಲ್ಲಿ ಬರೆಯುವುದಾದರೆ, ಅದು ಪಾತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ ಗುರುತಿಸುತ್ತೆ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಹೆಸರಿನ ಶುರುವಿನಲ್ಲೇ @ ಹಾಕಿ, ದೃಶ್ಯದ ಶೀರ್ಷಿಕೆಯ ಶುರುವಿನಲ್ಲೇ ಒಂದು ಚುಕ್ಕಿ ಇಡಿ, ಸರಿಯಾಗಿ ಕೂರುತ್ತೆ.

ಐದು ಪ್ರಯತ್ನಗಳ ಕಾಗದ ತಯಾರಾದಮೇಲೆ ಫೋಟೋ ತೆಗೆದು ಇಲ್ಲೇ ಹಾಕಿ. ಅಣ್ಣನ ಪಕ್ಷ ವಹಿಸಿ ಓದಿ, ಎಲ್ಲಿ ಅವನ ವಾದ ಸೊರಗಿದೆ ಅಂತ ಹೇಳುತ್ತೇನೆ.